ತಾನೇ ಒಪ್ಪಿಕೊಂಡ ಧರ್ಮ, ಇತರರು ಹೊರಿಸಿದ ಆರೋಪ: ಪೇಗನ್ ಹಕ್ಕುಗಳೂ ಮಾಟಗಾತಿ ಬೇಟೆಯೂ

ಹೊಸಿಲು:

ದಕ್ಷಿಣ ಆಫ್ರಿಕಾದ 1957ರ ಮಾಟ ನಿಗ್ರಹ ಕಾಯ್ದೆಯನ್ನು ಓದಲು ಕುಳಿತರೆ ಮೊದಲ ಕಲಮಿನಲ್ಲೇ ತಡವರಿಸಬೇಕಾಗುತ್ತದೆ. ಒಬ್ಬರನ್ನು ಮಾಟಗಾರರೆಂದು ಹೆಸರಿಸುವುದು ಅಪರಾಧ. ಕಾಯಿಲೆಗೋ ನಷ್ಟಕ್ಕೋ ಅವರ ಮಾಟವೇ ಕಾರಣ ಎನ್ನುವುದು ಅಪರಾಧ. ಹಾಗೆ ಹೆಸರಿಸಲು ಮಂತ್ರವಾದಿಯನ್ನು ಕರೆಸುವುದೂ ಅಪರಾಧ. ಇಲ್ಲಿಯವರೆಗೆ ಸರಿ. ಆದರೆ ಅದೇ ಕಲಮು ಮುಂದುವರಿದು, ಹಣಕ್ಕಾಗಿ ಅತೀಂದ್ರಿಯ ಶಕ್ತಿ ಪ್ರಯೋಗಿಸುವಂತೆ ತೋರಿಸಿಕೊಳ್ಳುವವರನ್ನೂ ಭವಿಷ್ಯ ನುಡಿಯುವವರನ್ನೂ ಅದೇ ಸಾಲಿಗೆ ತಂದು ನಿಲ್ಲಿಸುತ್ತದೆ. ಮುದುಕಿಯೊಬ್ಬಳ ಮನೆಗೆ ಜನರನ್ನು ನುಗ್ಗಿಸುವ ಮಂತ್ರವಾದಿಯೂ, ಭವಿಷ್ಯ ಹೇಳುವ ಟ್ಯಾರೋ ಎಲೆ ಹರಡಿಕೊಂಡು ಕುಳಿತ ಹೆಂಗಸೂ ಒಂದೇ ಕಲಮಿನ ಅಪರಾಧಿಗಳು.

ಈ ಕಾಯ್ದೆಯನ್ನು ಮರುಪರಿಶೀಲಿಸಬೇಕೆಂದು ಅಲ್ಲಿನ ಕಾನೂನು ಸುಧಾರಣಾ ಆಯೋಗವನ್ನು ಕೇಳಿಕೊಂಡವರಲ್ಲಿ ದಕ್ಷಿಣ ಆಫ್ರಿಕಾದ ಪೇಗನ್ (ಕ್ರೈಸ್ತಪೂರ್ವ ಆರಾಧನೆಗಳನ್ನು ಇಂದು ನಡೆಸುವವರ) ಹಕ್ಕುಗಳ ಒಕ್ಕೂಟವೂ ಒಂದು. ದೇಶದ ಸಂವಿಧಾನದ 15ನೇ ವಿಧಿ ಎಲ್ಲರಿಗೂ ಧರ್ಮದ ಸ್ವಾತಂತ್ರ್ಯ ಕೊಟ್ಟಿರುವಾಗ, ತಮ್ಮ ಧರ್ಮಾಚರಣೆಯನ್ನು ಮೋಸವೆಂದು ಮೊದಲೇ ತೀರ್ಮಾನಿಸಿಬಿಟ್ಟ ಕಾಯ್ದೆ ಉಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದೇ ಒಕ್ಕೂಟ ಮಾಟಗಾತಿ ಬೇಟೆಯ, ಅಂದರೆ ಮಾಟದ ಆರೋಪ ಹೊರಿಸಿ ನಡೆಸುವ ಹಿಂಸೆಯ ವಿರುದ್ಧ ಮಾರ್ಚ್ 29ರಿಂದ ಏಪ್ರಿಲ್ 27ರವರೆಗೆ ಮೂವತ್ತು ದಿನಗಳ ಅಭಿಯಾನವನ್ನೂ ನಡೆಸುತ್ತ ಬಂದಿದೆ. ಎರಡು ದೋಣಿಗಳ ಮೇಲೆ ಕಾಲಿಟ್ಟ ಹಾಗೆ ಕೆಲವರಿಗೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ತನ್ನ ಧರ್ಮ ಯಾವುದೆಂದು ಒಬ್ಬ ವ್ಯಕ್ತಿ ತಾನೇ ಹೇಳಿಕೊಳ್ಳುವ ಹಕ್ಕು, ತಾನಲ್ಲದ್ದನ್ನು ಇತರರು ತನ್ನ ತಲೆಗೆ ಕಟ್ಟದಂತೆ ತಡೆಯುವ ಹಕ್ಕು, ಇವೆರಡೂ ಒಂದೇ ಹಕ್ಕು. ಮೊದಲನೆಯದನ್ನು ಕಾಯದವರು ಎರಡನೆಯದನ್ನು ಪೂರ್ತಿಯಾಗಿ ಕಾಯಲಾರರು. ನಿಮ್ಮೆಲ್ಲರ ಅಭಿಪ್ರಾಯ ಬೇಕು.

ನೇರಪ್ರಶ್ನೆ:

ಹೊಸಿಲು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಹಳ್ಳಿಯಲ್ಲಿ ಒಬ್ಬ ವಿಧವೆಯನ್ನು ಕೊಲ್ಲುವವರು ಏನನ್ನು ನಂಬಿರುತ್ತಾರೆ? ಮಂತ್ರದಿಂದ ಪರಿಣಾಮ ಉಂಟಾಗುತ್ತದೆ ಎಂದು. ವಿಕ್ಕಾ ಎಂಬ ಪೇಗನ್ ಪಂಥದ ಅನುಯಾಯಿ ನಗರದಲ್ಲಿ ಕುಳಿತು ಏನು ಹೇಳುತ್ತಾರೆ? ಮಂತ್ರದಿಂದ ಪರಿಣಾಮ ಉಂಟಾಗುತ್ತದೆ ಎಂದೇ. ಒಬ್ಬರು ಒಳಿತಿಗೆ, ಇನ್ನೊಬ್ಬರು ಕೆಡುಕಿಗೆ ಎನ್ನಬಹುದು, ಬೇರು ಮಾತ್ರ ಒಂದೇ. ಮೂಢನಂಬಿಕೆಯ ವಿರುದ್ಧ ಕೆಲಸ ಮಾಡುವವರು ಈ ಬೇರಿಗೆ ನೀರೆರೆಯುವವರ ಪರವಾಗಿ ಯಾಕೆ ನಿಲ್ಲಬೇಕು? 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಗುಂಡಿಗೆ ಬಲಿಯಾದದ್ದು ಈ ಬೇರನ್ನು ಕೀಳಲು ಹೊರಟಿದ್ದಕ್ಕೇ.

ಕಡಲಂಚು:

ನೇರಪ್ರಶ್ನೆ ಅವರೇ, ಬೇರು ಒಂದೇ ಎನ್ನುವುದನ್ನು ವಾದಕ್ಕಾಗಿ ಒಪ್ಪೋಣ. ರೋಗ ಗುಣವಾಗಲೆಂದು ಹರಕೆ ಹೊರುವವರು, ಮೇಣದಬತ್ತಿ ಹಚ್ಚುವವರು, ಉಪವಾಸ ಕೂರುವವರು ಎಲ್ಲರೂ ಕಣ್ಣಿಗೆ ಕಾಣದ ಕಾರಣವನ್ನು ನಂಬಿದವರೇ. ಅವರ ಹಕ್ಕನ್ನು ಯಾರೂ ಪ್ರಶ್ನಿಸುವುದಿಲ್ಲ. ಧರ್ಮದ ಸ್ವಾತಂತ್ರ್ಯವೆನ್ನುವುದು ಆ ಧರ್ಮ ಹೇಳುವುದು ನಿಜವೆಂದು ಸಾಬೀತಾದ ಮೇಲೆ ಕೊಡುವ ಬಹುಮಾನವಲ್ಲ. ಸಾಬೀತು ಕೇಳಲು ಹೊರಟರೆ ಯಾವ ಧರ್ಮವೂ ಉಳಿಯುವುದಿಲ್ಲ.

ಅಮೆರಿಕದಲ್ಲಿ ಈ ವಿಷಯ ನ್ಯಾಯಾಲಯಕ್ಕೆ ಬಂದದ್ದು ಜೈಲಿನಿಂದ. ವರ್ಜೀನಿಯಾದ ಕೈದಿಯೊಬ್ಬ ತನ್ನ ವಿಕ್ಕಾ ಧ್ಯಾನಕ್ಕೆ ಬಿಳಿ ನಿಲುವಂಗಿ, ಮೇಣದಬತ್ತಿ, ಧೂಪ ಮುಂತಾದವು ಬೇಕೆಂದು ಕೇಳಿದ. ಜೈಲಿನವರು ಇದು ಧರ್ಮವೇ ಅಲ್ಲ ಎಂದರು. 1986ರಲ್ಲಿ ಡೆಟ್ಮರ್ ವಿರುದ್ಧ ಲ್ಯಾಂಡನ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಇದು ಧರ್ಮವೇ ಎಂದು ಹೇಳಿತು, ಜೊತೆಗೆ ಭದ್ರತೆಯ ಕಾರಣಕ್ಕೆ ಆ ವಸ್ತುಗಳನ್ನು ಜೈಲು ನಿರಾಕರಿಸಬಹುದು ಎಂದೂ ಹೇಳಿತು. ಆತನಿಗೆ ಕೇಳಿದ್ದು ಸಿಗಲಿಲ್ಲ, ಅವನ ಧರ್ಮಕ್ಕೆ ಕಾನೂನಿನಲ್ಲಿ ಜಾಗ ಸಿಕ್ಕಿತು. ನನಗೆ ಈ ತೀರ್ಪು ಇಷ್ಟವಾಗುವುದು ಅದಕ್ಕೇ: ನಂಬಿಕೆಯ ಸತ್ಯಾಸತ್ಯತೆಯ ಗೋಜಿಗೆ ಹೋಗದೆ, ಇನ್ನೊಬ್ಬರಿಗೆ ಅಪಾಯವಿದೆಯೇ ಎಂಬುದನ್ನು ಮಾತ್ರ ಅದು ತೂಗಿ ನೋಡಿತು.

ಮಂಜಿನ ಹಾದಿ:

ಪೇಗನ್ ಎಂದರೆ ಯಾರು ಎಂಬುದೇ ಇಲ್ಲಿ ಕೆಲವರಿಗೆ ಸ್ಪಷ್ಟವಿರಲಿಕ್ಕಿಲ್ಲ. ಯುರೋಪಿನ ಕ್ರೈಸ್ತಪೂರ್ವ ಆರಾಧನೆಗಳನ್ನು ಇಂದು ಹೊಸದಾಗಿ ಕಟ್ಟಿಕೊಂಡು ನಡೆಸುತ್ತಿರುವ ಹಲವು ಪಂಥಗಳಿಗೆ ಇದು ಒಟ್ಟು ಹೆಸರು. ವಿಕ್ಕಾ ಇದೆ, ಡ್ರೂಯಿಡರಿದ್ದಾರೆ, ನಾರ್ಡಿಕ್ ದೇವತೆಗಳನ್ನು ಪೂಜಿಸುವ ಆಸಾತ್ರು ಇದೆ, ಲಿಥುವೇನಿಯಾದ ರೋಮುವಾ ಇದೆ. ಎಲ್ಲರಿಗೂ ಸಾಮಾನ್ಯವಾದ ಒಂದು ಗ್ರಂಥವಿಲ್ಲ, ಒಬ್ಬ ಪ್ರವಾದಿಯಿಲ್ಲ. ಸೂರ್ಯನ ಸಂಕ್ರಮಣ, ಋತುಗಳ ತಿರುವು, ಮಣ್ಣು ನೀರು ಮರಗಳಲ್ಲಿನ ದೈವ, ಇವು ಹೆಚ್ಚು ಕಡಿಮೆ ಎಲ್ಲ ಕಡೆಯೂ ಇವೆ. ಮಾಟವನ್ನು ತಮ್ಮ ಸಾಧನೆ ಎನ್ನುವವರು ಇವರಲ್ಲಿ ಒಂದು ಭಾಗ ಮಾತ್ರ.

ಐಸ್‌ಲ್ಯಾಂಡ್ 1973ರಲ್ಲೇ ಆಸಾತ್ರು ಸಂಘವನ್ನು ಧರ್ಮವೆಂದು ನೋಂದಾಯಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ದತ್ತಿ ಆಯೋಗ 2010ರಲ್ಲಿ ಡ್ರೂಯಿಡ್ ಸಂಘಟನೆಯೊಂದನ್ನು ಧಾರ್ಮಿಕ ದತ್ತಿ ಸಂಸ್ಥೆಯಾಗಿ ಒಪ್ಪಿತು. ರೋಮುವಾದವರ ದಾರಿ ಮಾತ್ರ ಕಲ್ಲುಮುಳ್ಳಿನದಾಗಿತ್ತು. 1992ರಲ್ಲಿ ನೋಂದಣಿಯಾಗಿ, ಸರ್ಕಾರಿ ಮಾನ್ಯತೆಗೆ ಬೇಕಾದ 25 ವರ್ಷ ಕಾದು ಅರ್ಜಿ ಹಾಕಿದರೆ, 2019ರಲ್ಲಿ ಸಂಸತ್ತು ತಿರಸ್ಕರಿಸಿತು. 2021ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ತಾರತಮ್ಯ ಎಂದಿತು. 2024ರ ಡಿಸೆಂಬರಿನಲ್ಲಿ ಕೊನೆಗೂ ಮಾನ್ಯತೆ ಬಂತು. ಮಾನ್ಯತೆ ಇದ್ದರೆ ಅವರು ನಡೆಸುವ ಮದುವೆ ಕಾನೂನಿನ ಕಣ್ಣಿನಲ್ಲೂ ಮದುವೆಯೇ, ಇಲ್ಲದಿದ್ದರೆ ಕಚೇರಿಗೆ ಹೋಗಿ ಮತ್ತೊಮ್ಮೆ ಮದುವೆಯಾಗಬೇಕು. ಹಕ್ಕು ಎಂಬ ದೊಡ್ಡ ಮಾತು ಇಷ್ಟು ಸಣ್ಣ ಕಡೆಗಳಲ್ಲಿ ಬಂದು ತಟ್ಟುತ್ತದೆ.

ಹೊಸಿಲು:

ಇಷ್ಟು ಸಣ್ಣ ಕಡೆಗಳಲ್ಲಿ ಎಂದಿರಿ, ಒಂದು ಸಮಾಧಿ ಫಲಕದ ವಿಷಯ ಹೇಳಲೇಬೇಕು. ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೀವರ್ಟ್ ಅಮೆರಿಕದ ನೆವಾಡಾ ರಾಜ್ಯದವರು, ವಿಕ್ಕಾ ಅನುಯಾಯಿ. 2005ರ ಸೆಪ್ಟೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಅವರಿದ್ದ ಹೆಲಿಕಾಪ್ಟರನ್ನು ಹೊಡೆದುರುಳಿಸಲಾಯಿತು. ಸತ್ತ ಯೋಧರ ಸ್ಮಾರಕದ ಮೇಲೆ ಅವರವರ ಧರ್ಮದ ಚಿಹ್ನೆ ಕೆತ್ತಿಸುವುದು ಅಲ್ಲಿನ ಪದ್ಧತಿ. ಆ ಪಟ್ಟಿಯಲ್ಲಿ ಶಿಲುಬೆ ಇತ್ತು, ದಾವೀದನ ನಕ್ಷತ್ರ ಇತ್ತು, ಬೌದ್ಧರ ಚಕ್ರ ಇತ್ತು, ನಾಸ್ತಿಕರಿಗೂ ಒಂದು ಚಿಹ್ನೆ ಇತ್ತು. ವಿಕ್ಕಾದ ವೃತ್ತದೊಳಗಿನ ಐದು ಮೊನೆಯ ನಕ್ಷತ್ರ ಮಾತ್ರ ಇರಲಿಲ್ಲ. ಹೆಂಡತಿ ರಾಬರ್ಟಾ ಸ್ಟೀವರ್ಟ್ ಬೇರಾವ ಫಲಕಕ್ಕೂ ಒಪ್ಪಲಿಲ್ಲ. ಸ್ಮಾರಕದ ಗೋಡೆಯಲ್ಲಿ ಜೊತೆಯವರ ಹೆಸರುಗಳ ಪಕ್ಕದಲ್ಲಿ ಗಂಡನ ಜಾಗ ಖಾಲಿಯಾಗಿಯೇ ಉಳಿಯಿತು. ಮೊಕದ್ದಮೆ ಹೂಡಿದ ಮೇಲೆ 2007ರ ಏಪ್ರಿಲಿನಲ್ಲಿ ಒಕ್ಕೂಟ ಸರ್ಕಾರ ರಾಜಿಗೆ ಬಂದು ಆ ಚಿಹ್ನೆಯನ್ನು ಪಟ್ಟಿಗೆ ಸೇರಿಸಿತು.

ನೇರಪ್ರಶ್ನೆ ಅವರೇ, ಆ ನಕ್ಷತ್ರದಿಂದ ಯಾವ ಹಳ್ಳಿಯ ಯಾವ ವಿಧವೆಗೆ ಅಪಾಯವಾಯಿತು, ಹೇಳಿ.

ನೇರಪ್ರಶ್ನೆ:

ಫಲಕಕ್ಕೆ ನನ್ನ ವಿರೋಧವಿಲ್ಲ. ದೇಶಕ್ಕಾಗಿ ಪ್ರಾಣ ಕೊಟ್ಟವನಿಗೆ ಅವನು ಬಯಸಿದ ಚಿಹ್ನೆ ಸಿಗಬೇಕು. ನನ್ನ ಪ್ರಶ್ನೆ ಬೇರೆ. ಪೇಗನ್ ಸಂಘಟನೆಯೊಂದು ‘ನಾವು ಮಾಟಗಾತಿಯರು, ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ’ ಎಂದು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರೆ, ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಹಳ್ಳಿಯವನು ಅದನ್ನು ಹೇಗೆ ಓದುತ್ತಾನೆ? ‘ನೋಡಿ, ಇವರೇ ಒಪ್ಪಿಕೊಂಡರು, ಮಾಟಗಾತಿಯರು ಇರುವುದು ನಿಜ’ ಎಂದು. ನಗರದವರ ಹೆಮ್ಮೆಯ ಬೆಲೆಯನ್ನು ತೆರುವವಳು ಹಳ್ಳಿಯ ಮುದುಕಿ.

ತೊರೆ:

ನೇರಪ್ರಶ್ನೆ ಅವರ ಈ ಮಾತನ್ನು ತಳ್ಳಿಹಾಕಬಾರದು. ನಾನು ಸಮಾಜಕಾರ್ಯ ಕ್ಷೇತ್ರದವಳು, ಆರೋಪಗಳು ಹುಟ್ಟುವ ಬಗೆಯನ್ನು ಓದಿಕೊಂಡಿದ್ದೇನೆ. ಒಂದು ಸಾವಾಗುತ್ತದೆ, ಬಹಳ ಸಲ ಮಗುವಿನದ್ದು ಅಥವಾ ದುಡಿಯುವ ವಯಸ್ಸಿನ ಗಂಡಸಿನದ್ದು. ಹತ್ತಿರದಲ್ಲಿ ವೈದ್ಯರಿಲ್ಲ, ಇದ್ದರೂ ಕಾರಣವನ್ನು ಬಿಡಿಸಿ ಹೇಳುವುದಿಲ್ಲ. ಮನೆಯವರು ಕಾರಣ ಹುಡುಕುತ್ತಾರೆ. ಯಾರೋ ಮಂತ್ರವಾದಿಯ ಹೆಸರು ಹೇಳುತ್ತಾರೆ. ಮಂತ್ರವಾದಿ ಹೆಸರನ್ನು ಬಾಯಿಬಿಟ್ಟು ಹೇಳುವುದೂ ಅಪರೂಪ. ‘ನಿಮ್ಮ ಮನೆಯ ಪಶ್ಚಿಮಕ್ಕೆ, ಒಂಟಿ ಹೆಂಗಸು’ ಎಂದಷ್ಟೇ ಸೂಚಿಸುತ್ತಾನೆ. ಉಳಿದದ್ದನ್ನು ಊರಿನ ಹಳೆಯ ಜಗಳಗಳು ತುಂಬಿಕೊಳ್ಳುತ್ತವೆ: ಹೊಲದ ಬದು, ತಿರುಗಿ ಬಾರದ ಸಾಲ, ವಿಧವೆಯ ಪಾಲಿಗೆ ಬರಬೇಕಾದ ಜಮೀನು. ಸೂಚನೆ ಹೆಸರಾಗುವ ಹೊತ್ತಿಗೆ ಅದರ ಲಾಭ ಯಾರಿಗೆ ಎಂಬುದೂ ತೀರ್ಮಾನವಾಗಿರುತ್ತದೆ.

ಈ ಸರಪಳಿಯ ಯಾವ ಕೊಂಡಿಯಲ್ಲೂ ವಿಕ್ಕಾ ಇಲ್ಲ, ಇದನ್ನು ಗಮನಿಸಬೇಕು. ಆರೋಪಕ್ಕೆ ಗುರಿಯಾದ ಬಹುಪಾಲು ಜನ ಚರ್ಚಿಗೋ ಮಸೀದಿಗೋ ತಮ್ಮ ಕುಲದೈವದ ಗುಡಿಗೋ ಹೋಗುವವರು. ಆದರೂ ಹೇಳಿಕೆ ಕೊಡುವ ಪೇಗನ್ ಸಂಘಟನೆಗಳು, ‘ನಾವು ನಮ್ಮ ಧರ್ಮದ ಮಾತಾಡುತ್ತಿದ್ದೇವೆ, ಆರೋಪ ಹೊತ್ತವರು ನಮ್ಮವರಲ್ಲ, ಅವರು ಏನನ್ನೂ ಮಾಡಿಲ್ಲ’ ಎಂದು ಪ್ರತಿ ಸಲವೂ ಬಿಡಿಸಿ ಹೇಳಬೇಕು. ಹೇಳದಿದ್ದರೆ ನೇರಪ್ರಶ್ನೆ ಅವರ ಭಯ ನಿಜವಾಗುತ್ತದೆ.

ಕಡಲಂಚು:

ತೊರೆ ಅವರು ಹೇಳಿದ್ದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೆಲವೆಡೆ ಪೇಗನರೇ ಆರೋಪಿಗಳಾಗುತ್ತಾರೆ. 1993ರಲ್ಲಿ ಅಮೆರಿಕದ ವೆಸ್ಟ್ ಮೆಂಫಿಸ್‌ನಲ್ಲಿ ಎಂಟು ವರ್ಷದ ಮೂವರು ಹುಡುಗರ ಕೊಲೆಯಾಯಿತು. ಹದಿಹರೆಯದ ಮೂವರನ್ನು ಹಿಡಿದರು. ಅವರಲ್ಲಿ ಡೇಮಿಯನ್ ಎಕೋಲ್ಸ್ ಎಂಬವನಿಗೆ ವಿಕ್ಕಾದಲ್ಲಿ ಆಸಕ್ತಿ ಇತ್ತು, ಕಪ್ಪು ಬಟ್ಟೆ ತೊಡುತ್ತಿದ್ದ. ಇದು ಸೈತಾನನಿಗೆ ಕೊಟ್ಟ ಬಲಿ ಎಂದು ಸರ್ಕಾರಿ ಪಕ್ಷ ವಾದಿಸಿತು. 1994ರಲ್ಲಿ ಅವನಿಗೆ ಮರಣದಂಡನೆ ವಿಧಿಸಲಾಯಿತು. ಸ್ಥಳದಲ್ಲಿ ಸಿಕ್ಕ ವಸ್ತುಗಳ ಡಿಎನ್‌ಎ ಪರೀಕ್ಷೆಯಲ್ಲಿ ಈ ಮೂವರ ಗುರುತು ಸಿಗಲಿಲ್ಲ. 2011ರ ಆಗಸ್ಟಿನಲ್ಲಿ ಮೂವರೂ ಹೊರಬಂದರು, ಅದೂ ನಿರ್ದೋಷಿಗಳೆಂಬ ಘೋಷಣೆಯಿಲ್ಲದೆ, ಒಪ್ಪಂದದ ಮೂಲಕ. ಅಲ್ಲಿ ಮಂತ್ರವಾದಿ ಇರಲಿಲ್ಲ, ಹಳ್ಳಿಯ ಗುಂಪೂ ಇರಲಿಲ್ಲ. ನ್ಯಾಯಾಧೀಶರು, ತೀರ್ಪುಗಾರರು, ತಜ್ಞ ಸಾಕ್ಷಿ, ಎಲ್ಲ ಇದ್ದರು. ಅಲ್ಪಸಂಖ್ಯಾತ ಧರ್ಮವೊಂದು ಅಪರಾಧದ ಲಕ್ಷಣವೆಂದು ಜನ ಭಾವಿಸಿದಾಗ ನ್ಯಾಯಾಲಯದ ಒಳಗೂ ಮಾಟಗಾತಿ ಬೇಟೆ ನಡೆಯಬಲ್ಲದು. ಹೊಸಿಲು ಅವರು ಹೇಳಿದ ‘ಒಂದೇ ಹಕ್ಕು’ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಪ್ರಕರಣದಲ್ಲಿ.

ಅಳಿಲು:

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಆರೋಪಕ್ಕೆ ಗುರಿಯಾಗುವವರು ಮುದುಕಿಯರು ಮಾತ್ರವಲ್ಲ. ಕಾಂಗೋದ ಕಿನ್ಶಾಸಾದಲ್ಲಿ, ನೈಜೀರಿಯಾದ ಅಕ್ವಾ ಇಬೋಮ್ ರಾಜ್ಯದಲ್ಲಿ ಮಾಟದ ಆರೋಪ ಹೊತ್ತ ಮಕ್ಕಳನ್ನು ಮನೆಯಿಂದ ಹೊರಹಾಕಿದ ಪ್ರಕರಣಗಳು ಎಷ್ಟೋ ದಾಖಲಾಗಿವೆ. ಮಲತಾಯಿ, ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ, ಅಪಸ್ಮಾರ, ಇಷ್ಟು ಸಾಕು. ಅಕ್ವಾ ಇಬೋಮ್ 2008ರಲ್ಲಿ ಮಕ್ಕಳನ್ನು ಮಾಟಗಾರರೆಂದು ಕರೆಯುವುದನ್ನೇ ಅಪರಾಧವೆಂದು ಸಾರಿತು. ಲಂಡನ್‌ನಲ್ಲಿ 2000ದಲ್ಲಿ ಎಂಟು ವರ್ಷದ ವಿಕ್ಟೋರಿಯಾ ಕ್ಲಿಂಬಿ ಎಂಬ ಮಗು ಸತ್ತಾಗ, ಅವಳ ಮೈಯಲ್ಲಿ ದುಷ್ಟಶಕ್ತಿ ಸೇರಿದೆ ಎಂದು ಹೇಳಿದ ಪಾದ್ರಿಗಳೂ ಆ ಕಥೆಯಲ್ಲಿದ್ದರು. ದಯವಿಟ್ಟು ಚರ್ಚೆಯಲ್ಲಿ ಮಕ್ಕಳನ್ನು ಮರೆಯಬೇಡಿ. ಅವರಿಗೆ ತಮ್ಮ ಪರವಾಗಿ ಮಾತಾಡಲು ಒಕ್ಕೂಟವೂ ಇಲ್ಲ.

ಮಂಜಿನ ಹಾದಿ:

ಅಳಿಲು ಅವರಿಗೆ ಧನ್ಯವಾದ. ಭಾರತದ ಕಡೆಯಿಂದ ಒಂದೇ ಮಾತು. ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಛತ್ತೀಸಗಡ 2005ರಲ್ಲಿ, ಒಡಿಶಾ 2013ರಲ್ಲಿ ಮಾಟಗಾತಿ ಬೇಟೆಯ ವಿರುದ್ಧ ಕಾನೂನು ತಂದವು. 2021ರಲ್ಲಿ ಪದ್ಮಶ್ರೀ ಪಡೆದ ಜಾರ್ಖಂಡಿನ ಛುಟನಿ ಮಹತೋ ಸ್ವತಃ ಡಾಕಿನಿ ಎಂಬ ಆರೋಪ ಹೊತ್ತು, ಹಿಂಸೆ ಅನುಭವಿಸಿ ಊರು ಬಿಟ್ಟವರು. ಆಮೇಲೆ ಅಂಥದೇ ಆರೋಪ ಹೊತ್ತ ಹೆಂಗಸರ ರಕ್ಷಣೆಗೆ ನಿಂತರು. ಅದೇ ವರ್ಷ ಪದ್ಮಶ್ರೀ ಪಡೆದ ಅಸ್ಸಾಮಿನ ಬೀರುಬಾಲಾ ರಾಭಾ ಅವರ ಹೋರಾಟವೂ ಇದೇ. ಕಾನೂನು ಪುಸ್ತಕದಲ್ಲಿ ಕುಳಿತಿರುತ್ತದೆ. ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೆ ತೆರೆಯುವುದು ಇಂಥವರ ಮನೆ.

ನೇರಪ್ರಶ್ನೆ:

ಕಡಲಂಚು ಅವರ ವೆಸ್ಟ್ ಮೆಂಫಿಸ್ ಉದಾಹರಣೆ ನನ್ನನ್ನು ಯೋಚಿಸುವಂತೆ ಮಾಡಿದೆ. ಪೇಗನರ ಮೇಲೆ ನಡೆಯುವುದೂ ಅನ್ಯಾಯವೇ, ಒಪ್ಪುತ್ತೇನೆ. ಆದರೆ ಮೂಲ ಪ್ರಶ್ನೆಗೆ ಬರೋಣ. 1957ರ ಕಾಯ್ದೆಯನ್ನು ರದ್ದು ಮಾಡಿದರೆ ಆರೋಪ ಮಾಡುವವರಿಗೆ ಇರುವ ಒಂದೇ ತಡೆಯೂ ಹೋಗುತ್ತದಲ್ಲವೇ? ಹೆಸರಿಸಿದ್ದರಿಂದ ಒಬ್ಬರ ಕೊಲೆಯಾದರೆ ಹೆಸರಿಸಿದವರಿಗೆ 20 ವರ್ಷದವರೆಗೆ ಸೆರೆ ವಿಧಿಸಬಲ್ಲ ಕಾಯ್ದೆ ಅದು. ಪೇಗನರ ಮನಸ್ಸು ನೋಯುತ್ತದೆಂದು ಅದನ್ನು ಕಿತ್ತೆಸೆಯುವುದೇ?

ಹೊಸಿಲು:

ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ. ಎರಡಾಗಿ ಸೀಳಿ ಎನ್ನುತ್ತಿದ್ದೇನೆ. ಆರೋಪ ಹೊರಿಸುವುದನ್ನು ಶಿಕ್ಷಿಸುವ ಭಾಗ ಉಳಿಯಬೇಕು, ಇನ್ನೂ ಗಟ್ಟಿಯಾಗಬೇಕು. ಯಾರಿಗೂ ಹಾನಿಯಾಗದ ಆಚರಣೆಯನ್ನು ಮೋಸವೆಂದು ಕರೆಯುವ ಭಾಗ ಹೋಗಬೇಕು. ಅಲ್ಲಿನ ಸುಧಾರಣಾ ಆಯೋಗ 2016ರ ಚರ್ಚಾ ಪತ್ರಿಕೆಯಲ್ಲಿ ತೋರಿಸಿದ ದಿಕ್ಕೂ ಹೆಚ್ಚು ಕಡಿಮೆ ಇದೇ: ಹಳೆಯದನ್ನು ತೆಗೆದು, ನಂಬಿಕೆಯ ಹೆಸರಿನಲ್ಲಿ ನಡೆಯುವ ಹಾನಿಯನ್ನು ಮಾತ್ರ ಗುರಿಯಾಗಿಸುವ ಹೊಸ ಕಾಯ್ದೆ.

ಇನ್ನೊಂದು ತೊಡಕನ್ನೂ ನೋಡಿ. ಸಂಗೋಮಾ ಎಂಬ ಪಾರಂಪರಿಕ ಕಣಿಗಾರರನ್ನು ಅದೇ ದೇಶ 2007ರ ಪಾರಂಪರಿಕ ವೈದ್ಯರ ಕಾಯ್ದೆಯ ಮೂಲಕ ಮಾನ್ಯ ಮಾಡಿದೆ. ಒಂದು ಕಾಯ್ದೆ ಅವರನ್ನು ವೈದ್ಯರ ಪಟ್ಟಿಗೆ ಸೇರಿಸುತ್ತದೆ, ಇನ್ನೊಂದು ಕಾಯ್ದೆ ಅದೇ ವೃತ್ತಿಗೆ ಅವರನ್ನು ಜೈಲಿಗೆ ಕಳಿಸಬಲ್ಲದು. ಹಾಗಾಗಿ ನೋಯುವುದು ಪೇಗನರ ಮನಸ್ಸು ಮಾತ್ರವಲ್ಲ.

ತೊರೆ:

ಅಲ್ಲಿನ ಹಳ್ಳಿಗಳ ಜನ 1957ರ ಕಾಯ್ದೆಯನ್ನು ಹೇಗೆ ನೋಡಿದರು ಎಂಬುದೂ ಮುಖ್ಯ. ‘ಸರ್ಕಾರ ಮಾಟಗಾತಿಯರ ಪಕ್ಷ ವಹಿಸುತ್ತಿದೆ, ನಮ್ಮನ್ನು ಕಾಪಾಡುವವರಿಲ್ಲ’ ಎಂಬ ಭಾವನೆ ದಟ್ಟವಾಗಿತ್ತು. 1995ರಲ್ಲಿ ನೇಮಕವಾದ ರಲುಶಾಯ್ ಆಯೋಗ ಉತ್ತರ ಪ್ರಾಂತ್ಯದಲ್ಲಿ (ಇಂದಿನ ಲಿಂಪೊಪೊ) ಈ ಹಿಂಸೆಯ ತನಿಖೆ ಮಾಡಿತು. 1998ರಲ್ಲಿ ಥೊಹೊಯಾಂಡೂ ಪಟ್ಟಣದಲ್ಲಿ ಲಿಂಗ ಸಮಾನತೆ ಆಯೋಗ ರಾಷ್ಟ್ರೀಯ ಸಮ್ಮೇಳನ ನಡೆಸಿ ಘೋಷಣೆಯನ್ನೂ ಹೊರಡಿಸಿತು. ಊರು ಬಿಟ್ಟು ಓಡಿದವರೆಲ್ಲ ಸೇರಿ ನೆಲೆಸಿದ ಹೆಲೆನಾ ಎಂಬ ಹಳ್ಳಿಯೇ ಲಿಂಪೊಪೊದಲ್ಲಿದೆ. ಉತ್ತರ ಘಾನಾದ ಗಂಬಾಗದಲ್ಲಿ ಇಂಥದೇ ಶಿಬಿರ ಇದೆ. ಘಾನಾದ ಸಂಸತ್ತು 2023ರ ಜುಲೈನಲ್ಲಿ ಮಾಟದ ಆರೋಪವನ್ನು ಅಪರಾಧವಾಗಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು, ಆಗಿನ ಅಧ್ಯಕ್ಷರು ಅಂಕಿತ ಹಾಕಲಿಲ್ಲ. ಅದಕ್ಕೆ ಮೂರು ವರ್ಷ ಮೊದಲು ಕಫಾಬಾದಲ್ಲಿ 90 ವರ್ಷದ ಅಕುವಾ ಡೆಂಟೆ ಎಂಬ ಅಜ್ಜಿಯನ್ನು ಹಾಡಹಗಲೇ ಹೊಡೆದು ಕೊಂದಿದ್ದರು. ಅದನ್ನು ಕಂಡೂ ಅಂಕಿತ ಬೀಳಲಿಲ್ಲ ಎಂಬುದು ನನಗೆ ಇಂದಿಗೂ ಜೀರ್ಣವಾಗಿಲ್ಲ.

ಕಡಲಂಚು:

ರದ್ದತಿಯ ಬಗ್ಗೆ ಪಪುವಾ ನ್ಯೂಗಿನಿಯಿಂದ ಕಲಿಯುವುದಿದೆ. ಅಲ್ಲಿನ 1971ರ ಮಾಟ ಕಾಯ್ದೆ ಕೆಟ್ಟ ಮಾಟವನ್ನು ನಿಜವೆಂದೇ ಒಪ್ಪಿ ಶಿಕ್ಷಿಸುತ್ತಿತ್ತು. ಕೊಲೆ ಆರೋಪಿಯು ‘ಸತ್ತವರು ಮಾಟ ಮಾಡಿ ನನ್ನನ್ನು ಕೆರಳಿಸಿದರು’ ಎಂದು ವಾದಿಸಲು ದಾರಿಯನ್ನೂ ಬಿಟ್ಟಿತ್ತು. 2013ರ ಫೆಬ್ರುವರಿಯಲ್ಲಿ ಮೌಂಟ್ ಹೇಗನ್‌ನಲ್ಲಿ ಕೆಪಾರಿ ಲೆನಿಯಾಟಾ ಎಂಬ ಯುವ ತಾಯಿಯನ್ನು ಜನರ ಕಣ್ಣೆದುರೇ ಜೀವಂತ ಸುಟ್ಟರು. ಅದೇ ವರ್ಷ ಕಾಯ್ದೆ ರದ್ದಾಯಿತು. ಹಿಂಸೆ ನಿಲ್ಲಲಿಲ್ಲ. 2022ರಲ್ಲಿ ದಂಡಸಂಹಿತೆ ತಿದ್ದಿ, ಮಾಟಗಾರರನ್ನು ಗುರುತಿಸಿಕೊಡುತ್ತೇವೆ ಎನ್ನುವ ಕಣಿಗಾರರನ್ನೇ ಅಪರಾಧಿಗಳನ್ನಾಗಿಸಿದರು. ನನ್ನ ಮಟ್ಟಿಗೆ ಇದೇ ಸರಿಯಾದ ಕೊಂಡಿ. ತೊರೆ ಅವರು ವಿವರಿಸಿದ ಸರಪಳಿಯನ್ನು ‘ಪಶ್ಚಿಮಕ್ಕೆ, ಒಂಟಿ ಹೆಂಗಸು’ ಎಂಬ ಮಾತಿನಲ್ಲೇ ತುಂಡರಿಸಬೇಕು.

ಅಳಿಲು:

ಕಾನೂನು ಬರುವವರೆಗೆ ನಮ್ಮಂಥವರು ಏನು ಮಾಡುವುದು? ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲೋ ಸಾವಿನ ಮನೆಯಲ್ಲೋ ಯಾರಾದರೂ ಒಬ್ಬಳ ಹೆಸರು ಎತ್ತಿದರೆ?

ತೊರೆ:

ಅಳಿಲು ಅವರೇ, ಮಾಟ ಇದೆಯೋ ಇಲ್ಲವೋ ಎಂಬ ವಾದಕ್ಕೆ ಆ ಗಳಿಗೆಯಲ್ಲಿ ಇಳಿಯಬೇಡಿ. ದುಃಖದಲ್ಲಿರುವವರ ಎದುರು ನೀವು ಗೆಲ್ಲುವುದಿಲ್ಲ, ಹೆಸರು ಮಾತ್ರ ಇನ್ನಷ್ಟು ಸಲ ಉಚ್ಚಾರವಾಗುತ್ತದೆ. ಮೊದಲು ಹೆಸರು ಕೇಳಿಬಂದ ವ್ಯಕ್ತಿಗೆ ಸುದ್ದಿ ಮುಟ್ಟಿಸಿ, ಅವರು ಆ ರಾತ್ರಿ ಬೇರೆ ಮನೆಯಲ್ಲಿರುವಂತೆ ನೋಡಿಕೊಳ್ಳಿ. ಸಂದೇಶಗಳನ್ನು ಅಳಿಸುವ ಮೊದಲೇ ಉಳಿಸಿಟ್ಟುಕೊಳ್ಳಿ, ಪೊಲೀಸರಿಗೆ ಅವೇ ಸಾಕ್ಷಿ. ಸಾವಿನ ವೈದ್ಯಕೀಯ ಕಾರಣವನ್ನು ಮನೆಯವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬಲ್ಲ ವೈದ್ಯರನ್ನೋ ನರ್ಸನ್ನೋ ಕರೆತನ್ನಿ. ಮಂತ್ರವಾದಿಯ ಬಳಿಗೆ ಹೋಗೋಣ ಎಂದು ಮೊದಲು ಹೇಳಿದವರು ಯಾರು, ಆರೋಪ ಹೊತ್ತವಳ ಜಮೀನಿನ ಪಕ್ಕದ ಜಮೀನು ಯಾರದ್ದು ಎಂಬುದನ್ನು ಬರೆದಿಡಿ. ಆಮೇಲೆ ಬೇಕಾಗುತ್ತದೆ.

ನೇರಪ್ರಶ್ನೆ:

ತೊರೆ ಅವರ ಮಾತನ್ನು ನಮ್ಮ ಕಾರ್ಯಕರ್ತರಿಗೂ ಓದಿಸುತ್ತೇನೆ. ಹೊಸಿಲು ಅವರೇ, ಕಾಯ್ದೆಯನ್ನು ಸೀಳುವ ಮಾತಿಗೆ ನನ್ನ ಒಪ್ಪಿಗೆ ಇದೆ, ಒಂದು ಷರತ್ತಿನ ಮೇಲೆ: ಆರೋಪವನ್ನು ಶಿಕ್ಷಿಸುವ ಹೊಸ ಕಾಯ್ದೆ ಜಾರಿಗೆ ಬರುವ ದಿನವೇ ಹಳೆಯದು ಹೋಗಬೇಕು, ಅದಕ್ಕೆ ಒಂದು ದಿನ ಮೊದಲೂ ಅಲ್ಲ. ಮಂತ್ರದ ಬಗ್ಗೆ ಪೇಗನರೊಂದಿಗೆ ನನ್ನ ಜಗಳ ಮುಂದುವರಿಯುತ್ತದೆ. ಅದು ಮಾತಿನ ಜಗಳ, ಅವರ ಮನೆಯ ಬಾಗಿಲಿಗೆ ಯಾರಾದರೂ ಕಲ್ಲೆಸೆದರೆ ನಾನು ಅವರ ಕಡೆಗೇ ನಿಲ್ಲುತ್ತೇನೆ.

ಹೊಸಿಲು:

ಷರತ್ತು ನನ್ನದೂ ಹೌದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2021ರಲ್ಲಿ ಮಾಟದ ಆರೋಪಗಳ ಬಗ್ಗೆ ಅಂಗೀಕರಿಸಿದ 47/8 ಸಂಖ್ಯೆಯ ನಿರ್ಣಯವನ್ನು ಮುಂದೆ ಇಟ್ಟುಕೊಂಡು, ನಂಬಿಕೆಗೂ ಹಾನಿಗೂ ನಡುವೆ ಅದು ಎಲ್ಲಿ ಗೆರೆ ಎಳೆಯುತ್ತದೆ ಎಂದು ನೋಡೋಣ. ಮುಖ್ಯ ಅಂಶಗಳನ್ನು ಕನ್ನಡಕ್ಕೆ ತಂದು ಈ ವಾರಾಂತ್ಯದೊಳಗೆ ಇಲ್ಲೇ ಹಾಕುತ್ತೇನೆ. ಕಡಲಂಚು ಅವರು ಕಾನೂನಿನ ಕಣ್ಣಿನಿಂದ ಒಮ್ಮೆ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ. ಮಕ್ಕಳಿಗೆ ಸಂಬಂಧಿಸಿದ ಭಾಗವನ್ನು ಅಳಿಲು ಅವರೇ ನೋಡಿಕೊಳ್ಳಲಿ.